ನೆಗ್ಗಿಲಿನ ಸಾರವನ್ನು ಮೂತ್ರನಾಳದ ಸೋಂಕಿನ ಬ್ಯಾಕ್ಟೀರಿಯಾಗಳ ಮೇಲೆ ಪರೀಕ್ಷಿಸುವ ವಿಧಾನ

ಮೂತ್ರನಾಳದ ಸೋಂಕಿಗೆ ಬಹುಪಾಲು ಕಾರಣ ಈ. ಕೋಲೈ ಬ್ಯಾಕ್ಟೀರಿಯಾ. ಕ್ಲೆಬ್ಸಿಯೆಲ್ಲಾ, ಪ್ರೋಟಿಯಸ್ ಮಿರಾಬಿಲಿಸ್ ಮತ್ತು ಎಂಟೆರೊಕಾಕಸ್ ಫೀಕಾಲಿಸ್ ಅದರ ನಂತರ ಬರುತ್ತವೆ. ಮೂತ್ರಕೃಚ್ಛ್ರಕ್ಕೆ (ಮೂತ್ರ ವಿಸರ್ಜನೆಯ ತೊಂದರೆ) ಆಯುರ್ವೇದ ಹೇಳುವ ಗೋಕ್ಷುರ, ಅಂದರೆ ನೆಗ್ಗಿಲು, ಇವುಗಳನ್ನು ತಡೆಯಬಲ್ಲದೇ ಎಂದು ಪರೀಕ್ಷಿಸುವ ವಿದ್ಯಾರ್ಥಿಗಳು ಅನೇಕ ವೇಳೆ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಗಟ್ಟಿ ಮಾಧ್ಯಮ) ತಟ್ಟೆಯ ಮೇಲೆ ಬ್ಯಾಕ್ಟೀರಿಯಾ ಬೆಳೆಯದೆ ಉಳಿದ ವಲಯವನ್ನು ಅಳೆದು ಅಲ್ಲಿಗೇ ನಿಲ್ಲಿಸುತ್ತಾರೆ. ಅದು ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ. ಇವು ರೋಗಕಾರಕಗಳಾದ್ದರಿಂದ ಎರಡನೇ ಹಂತದ ಜೈವಿಕ ಸುರಕ್ಷತೆಯಿರುವ ಪ್ರಯೋಗಾಲಯದಲ್ಲಿ, ಮಾರ್ಗದರ್ಶಕರ ಸಮ್ಮುಖದಲ್ಲಿ ಮಾತ್ರ ಈ ಕೆಲಸ ನಡೆಯಬೇಕು.

ಮೊದಲು ಗಿಡದ ಗುರುತು ಖಚಿತವಾಗಲಿ. ಎಳ್ಳಿನ ಕುಟುಂಬಕ್ಕೆ ಸೇರಿದ ಆನೆನೆಗ್ಗಿಲು ಬೇರೆಯೇ ಗಿಡ. ಅದರ ಕಾಯನ್ನೂ ಗೋಕ್ಷುರವೆಂದೇ ಮಾರುವುದುಂಟು. ಆದ್ದರಿಂದ ಸಸ್ಯಶಾಸ್ತ್ರಜ್ಞರಿಂದ ಗುರುತಿಸಿ, ಒಣಗಿಸಿದ ಮಾದರಿಯೊಂದನ್ನು ಹರ್ಬೇರಿಯಂನಲ್ಲಿ ಇರಿಸಿರಿ. ಕಾಯನ್ನು ನೆರಳಿನಲ್ಲಿ ಒಣಗಿಸಿ, ಪುಡಿಮಾಡಿ, 1 ಭಾಗ ಪುಡಿಗೆ 10 ಭಾಗ ಮೆಥನಾಲ್ ಸೇರಿಸಿ ಆಗಾಗ ಕಲಕುತ್ತಾ 48 ಗಂಟೆ ನೆನೆಸಿ, ಸೋಸಿ, 40 ಡಿಗ್ರಿ ಸೆಲ್ಸಿಯಸ್ ಮೀರದ ಶಾಖದಲ್ಲಿ ದ್ರಾವಕವನ್ನು ಪೂರ್ತಿ ಆವಿಯಾಗಿಸಬೇಕು. ಉಳಿದ ಸಾರವನ್ನು ತೂಗಿ, ಪ್ರತಿ ಮಿಲಿಲೀಟರಿಗೆ 100 ಮಿಲಿಗ್ರಾಂನಂತೆ ದ್ರಾವಕವಾದ ಡಿಎಂಎಸ್‌ಒದಲ್ಲಿ ಕರಗಿಸಿರಿ.

ವಲಯ ಪರೀಕ್ಷೆಗೆ 4 ಮಿಲಿಮೀಟರ್ ದಪ್ಪದ ಮುಲ್ಲರ್–ಹಿಂಟನ್ ಅಗರ್ ಬೇಕು. ಬ್ಯಾಕ್ಟೀರಿಯಾ ದ್ರವವನ್ನು 0.5 ಮ್ಯಾಕ್‌ಫಾರ್ಲೆಂಡ್ ಮಬ್ಬಿಗೆ (ಬ್ಯಾಕ್ಟೀರಿಯಾದ ಪ್ರಮಾಣವನ್ನು ಸೂಚಿಸುವ ನಿಗದಿತ ಮಬ್ಬಿನ ಅಳತೆ) ಹೊಂದಿಸಿ, 15 ನಿಮಿಷಗಳೊಳಗೆ ತಟ್ಟೆಯ ಮೇಲೆ ಹರಡಿ, 6 ಮಿಲಿಮೀಟರ್ ಗುಳಿಗಳಲ್ಲಿ ಸಾರವನ್ನೂ ಬರೀ ಡಿಎಂಎಸ್‌ಒವನ್ನೂ ಹಾಕಿ, 35 ಡಿಗ್ರಿಯಲ್ಲಿ 16ರಿಂದ 18 ಗಂಟೆ ಇಡಬೇಕು. ಹೋಲಿಕೆಗೆ 300 ಮೈಕ್ರೋಗ್ರಾಂನ ನೈಟ್ರೋಫ್ಯುರಾಂಟೋಯಿನ್ ಎಂಬ ಪ್ರತಿಜೀವಕದ ಬಿಲ್ಲೆ ಸೂಕ್ತ. ಗುಣಮಟ್ಟ ಪರೀಕ್ಷೆಗೆ ಬಳಸುವ ಎಟಿಸಿಸಿ 25922 ಎಂಬ ಈ. ಕೋಲೈ ತಳಿಯ ಮೇಲೆ ಅದರ ವಲಯ 20ರಿಂದ 25 ಮಿಲಿಮೀಟರ್ ಒಳಗೆ ಬರದಿದ್ದರೆ ಆ ದಿನದ ಫಲಿತಾಂಶವನ್ನು ಕೈಬಿಡಿರಿ. ಪ್ರೋಟಿಯಸ್‌ಗೆ ಈ ಔಷಧಿಯ ವಿರುದ್ಧ ಸಹಜ ಪ್ರತಿರೋಧವಿರುವುದರಿಂದ ಅಲ್ಲಿ ಸಿಪ್ರೋಫ್ಲಾಕ್ಸಸಿನ್ ಬಳಸಿರಿ.

ವಲಯದ ಅಗಲ ಸಾರದ ಶಕ್ತಿಯನ್ನಷ್ಟೇ ಹೇಳುವುದಿಲ್ಲ. ಅದರೊಳಗಿನ ಅಂಶಗಳು ಅಗರಿನಲ್ಲಿ ಎಷ್ಟು ಸುಲಭವಾಗಿ ಹರಡುತ್ತವೆ ಎಂಬುದೂ ಅದರಲ್ಲಿ ಬೆರೆತಿರುತ್ತದೆ. ನೀರಿನಲ್ಲಿ ಕರಗದ ಪ್ರಬಲ ಅಂಶವೊಂದು ಚಿಕ್ಕ ವಲಯ ತೋರಿ ನಿರಾಶೆಗೊಳಿಸಬಹುದು. ಎರಡು ಗಿಡಗಳನ್ನು ವಲಯದ ಅಳತೆಯಿಂದಲೇ ಹೋಲಿಸುವುದು ಈ ಕಾರಣಕ್ಕೆ ನ್ಯಾಯವಲ್ಲ.

ಹಾಗಾಗಿ ಕನಿಷ್ಠ ಪ್ರತಿಬಂಧಕ ಸಾಂದ್ರತೆಯನ್ನು, ಅಂದರೆ ಬೆಳವಣಿಗೆಯನ್ನು ತಡೆಯುವ ಅತಿ ಕಡಿಮೆ ಪ್ರಮಾಣವನ್ನು, ಕಂಡುಹಿಡಿಯಲೇಬೇಕು. ಸಾರವನ್ನು ಮುಲ್ಲರ್–ಹಿಂಟನ್ ದ್ರವದಲ್ಲಿ 50 ಪಟ್ಟು ತೆಳುಗೊಳಿಸಿ, 96 ಗುಳಿಗಳ ತಟ್ಟೆಯ ಮೊದಲ ಗುಳಿಗೆ 200 ಮೈಕ್ರೋಲೀಟರ್ ಹಾಕಿ, ಮುಂದಿನ ಒಂಬತ್ತು ಗುಳಿಗಳಲ್ಲಿ ಮೊದಲೇ ತುಂಬಿದ 100 ಮೈಕ್ರೋಲೀಟರ್ ದ್ರವಕ್ಕೆ ಒಂದರಿಂದ ಇನ್ನೊಂದಕ್ಕೆ 100 ಮೈಕ್ರೋಲೀಟರ್ ವರ್ಗಾಯಿಸುತ್ತಾ ಅರ್ಧರ್ಧ ಮಾಡಿರಿ. ಕೊನೆಯದರಿಂದ 100 ಮೈಕ್ರೋಲೀಟರ್ ತೆಗೆದು ಹಾಕಿರಿ. 0.5 ಮ್ಯಾಕ್‌ಫಾರ್ಲೆಂಡ್‌ಗೆ ಹೊಂದಿಸಿದ ಬ್ಯಾಕ್ಟೀರಿಯಾ ದ್ರವವನ್ನು 150 ಪಟ್ಟು ತೆಳುಗೊಳಿಸಿ ಪ್ರತಿ ಗುಳಿಗೂ 100 ಮೈಕ್ರೋಲೀಟರ್ ಸೇರಿಸಿದಾಗ ಮಿಲಿಲೀಟರಿಗೆ ಸುಮಾರು 5 ಲಕ್ಷ ಬ್ಯಾಕ್ಟೀರಿಯಾ, ಮೊದಲ ಗುಳಿಯಲ್ಲಿ 1000 ಮೈಕ್ರೋಗ್ರಾಂ ಸಾರ ಮತ್ತು ಶೇ. 1ರಷ್ಟು ಡಿಎಂಎಸ್‌ಒ ಇರುತ್ತದೆ. ಅಷ್ಟೇ ಡಿಎಂಎಸ್‌ಒ ಇರುವ ಬ್ಯಾಕ್ಟೀರಿಯಾ ಗುಳಿ, ಬರೀ ದ್ರವದ ಗುಳಿ ಮತ್ತು ಬ್ಯಾಕ್ಟೀರಿಯಾ ಇಲ್ಲದ ಸಾರದ ಗುಳಿ, ಈ ಮೂರೂ ಕಡ್ಡಾಯ. ಮರುದಿನ ರೆಸಜುರಿನ್ ಎಂಬ ನೀಲಿ ಬಣ್ಣವನ್ನು ಹಾಕಿದಾಗ ಜೀವಂತ ಬ್ಯಾಕ್ಟೀರಿಯಾ ಇರುವಲ್ಲಿ ನೀಲಿ ಗುಲಾಬಿಯಾಗುತ್ತದೆ. ಆದರೆ ಸಸ್ಯಸಾರಗಳಲ್ಲಿನ ಪಾಲಿಫೀನಾಲ್‌ಗಳು ತಾವೇ ಆ ಬಣ್ಣವನ್ನು ಬದಲಿಸಬಲ್ಲವು, ಮೂರನೆಯ ಗುಳಿ ಇರುವುದು ಇದನ್ನು ಪತ್ತೆಹಚ್ಚಲಿಕ್ಕೇ. ಬೆಳವಣಿಗೆಯಿಲ್ಲದ ಅತಿ ಕಡಿಮೆ ಸಾಂದ್ರತೆಯೇ ಉತ್ತರ. ಅದು ಮಿಲಿಲೀಟರಿಗೆ 100 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಸಾರ ಗಮನಾರ್ಹ. 1000ದಲ್ಲೂ ಬೆಳವಣಿಗೆ ನಿಲ್ಲದಿದ್ದರೆ ಫಲಿತಾಂಶ ನಕಾರಾತ್ಮಕವೆಂದೇ ಬರೆಯಿರಿ. ಅದರಿಂದ ಪಾರಂಪರಿಕ ಬಳಕೆ ಸುಳ್ಳೆಂದಾಗುವುದಿಲ್ಲ, ಏಕೆಂದರೆ ನೆಗ್ಗಿಲನ್ನು ಮೂತ್ರವನ್ನು ಹೆಚ್ಚಿಸುವ ಗುಣಕ್ಕಾಗಿಯೂ ಕೊಡುತ್ತಾರೆ.

ಸಾರ ಕೊಲ್ಲುತ್ತದೆಯೋ ಬರೀ ತಡೆಯುತ್ತದೆಯೋ ಎಂದು ತಿಳಿಯಲು, ಬಣ್ಣ ಹಾಕುವ ಮೊದಲೇ, ಮಬ್ಬು ಕಾಣದ ಗುಳಿಗಳಿಂದ 10 ಮೈಕ್ರೋಲೀಟರ್ ತೆಗೆದು ಹೊಸ ಅಗರಿನ ಮೇಲೆ ಹರಡಿರಿ. 5ಕ್ಕಿಂತ ಹೆಚ್ಚು ವಸಾಹತುಗಳು ಬೆಳೆಯದಿದ್ದರೆ ಶೇ. 99.9ರಷ್ಟು ಸತ್ತಿವೆ ಎಂದರ್ಥ. ಇಡೀ ಪರೀಕ್ಷೆಯನ್ನು ಬೇರೆ ಬೇರೆ ದಿನಗಳಲ್ಲಿ ಮೂರು ಬಾರಿ ಮಾಡಿರಿ, ಮತ್ತು ಬಳಸಿದ ಪ್ರತಿಯೊಂದು ತಟ್ಟೆಯನ್ನೂ 121 ಡಿಗ್ರಿಯಲ್ಲಿ ಆಟೋಕ್ಲೇವ್ (ಒತ್ತಡದ ಹಬೆಯಿಂದ ಕ್ರಿಮಿನಾಶ) ಮಾಡಿದ ಮೇಲೆಯೇ ಹೊರಹಾಕಿರಿ.