ನೈಟ್ ಆರ್ಡರ್ ಪುಸ್ತಕಕ್ಕೆ ನಾನು ಸೇರಿಸಿದ ಸಾಲು

ನಾನು ಶಿರಸಿ ಕಡೆಯವನು. ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ (ಎನ್‌ಡಿಎ) 3 ವರ್ಷ, ಆಮೇಲೆ ತರಬೇತಿ ಹಡಗು, ಪಾಳಿಯಲ್ಲಿ ಹಡಗು ನೋಡಿಕೊಳ್ಳಲು ಬೇಕಾದ ವಾಚ್ ಕೀಪಿಂಗ್ ಸರ್ಟಿಫಿಕೇಟು. ಇದು ನೌಕಾಪಡೆಯ ಅನೇಕ ಅಧಿಕಾರಿಗಳು ಹಾದುಬರುವ ದಾರಿ. ಒಂದು ಚಿಕ್ಕ ಗಸ್ತು ಹಡಗಿನ ಹೊಣೆ ಸಿಕ್ಕಾಗ ನಾನಿನ್ನೂ ಲೆಫ್ಟಿನೆಂಟ್ ಕಮಾಂಡರ್. ಆದರೂ ಹಡಗಿನಲ್ಲಿ ನಾನೇ ಕ್ಯಾಪ್ಟನ್. ಭುಜದ ಮೇಲೆ ಯಾವ ಪಟ್ಟಿಯಿದ್ದರೂ ಹಡಗು ನಡೆಸುವವನನ್ನು ಹಾಗೆಯೇ ಕರೆಯುವುದು.

ಕ್ಯಾಪ್ಟನ್ ಆದವನೂ ಮಲಗಲೇಬೇಕಲ್ಲ. ಮಲಗುವ ಮುಂಚೆ ನೈಟ್ ಆರ್ಡರ್ ಪುಸ್ತಕದಲ್ಲಿ ದಿಕ್ಕು, ವೇಗ, ಯಾವಾಗ ತನ್ನನ್ನು ಎಬ್ಬಿಸಬೇಕು ಎಂದೆಲ್ಲ ಬರೆದು ಸಹಿ ಹಾಕುತ್ತಾನೆ. ಪಾಳಿಗೆ ಬರುವ ಅಧಿಕಾರಿ ಅದನ್ನು ಓದಿ ತಾನೂ ಸಹಿ ಮಾಡಬೇಕು. 2 ನಾಟಿಕಲ್ ಮೈಲಿಯೊಳಗೆ ಏನೇ ಬರುವಂತಿದ್ದರೂ ಕರೆಯಿರಿ ಎಂದು ನಾನೂ ಬರೆದಿದ್ದೆ.

ಆಗಸ್ಟ್ ಮೊದಲ ವಾರ. ಟ್ರಾಲಿಂಗ್ ನಿಷೇಧ ಮುಗಿದು ಕಾರವಾರದಾಚೆ ಕಡಲ ತುಂಬ ಬೋಟುಗಳು. ಮಳೆಗೆ ರೇಡಾರ್ ಪರದೆ ಅಕ್ಕಿ ಚೆಲ್ಲಿದ ಹಾಗಿತ್ತು. 12ರಿಂದ 4ರ ಪಾಳಿಯಲ್ಲಿ ಎಂಜಿನ್ ಸದ್ದು ಒಮ್ಮೆಲೇ ಬದಲಾಗಿ ನನಗೆ ಎಚ್ಚರವಾಯಿತು. ಮೇಲೆ ಓಡಿದೆ. ಬಲಗಡೆ ದೀಪವಿಲ್ಲದ ದೋಣಿ. ಅದರಲ್ಲೊಬ್ಬ ಎದ್ದು ನಿಂತು ಟಾರ್ಚ್ ಬೀಸುತ್ತಿದ್ದ. ಅವನ ಒದ್ದೆ ಬನಿಯನ್ ಕಾಣುವಷ್ಟು ಹತ್ತಿರ.

ಎದುರಿನದು ನಮಗೆ ಕಾಣುವ ದಿಕ್ಕು ಬದಲಾಗದೆ ದೂರ ಮಾತ್ರ ಕಮ್ಮಿಯಾಗುತ್ತಿದ್ದರೆ ಡಿಕ್ಕಿಯಾಗುತ್ತದೆ. ಪಾಳಿಯಲ್ಲಿದ್ದ ಹುಡುಗ ಇದನ್ನು ಹತ್ತು ನಿಮಿಷ ಮೊದಲೇ ಗುರುತಿಸಿದ್ದ.

"ಯಾಕಪ್ಪ ಕರೀಲಿಲ್ಲ?"

"ಸಾಯಂಕಾಲ ಕರೆದಾಗ, ಇಷ್ಟಕ್ಕೂ ನಾನೇ ಬರಬೇಕಾ ಅಂದಿದ್ರಿ, ಸರ್."

ಹೌದು, ಅಂದಿದ್ದೆ. ತಪ್ಪು ನನ್ನದೇ. 1971ರ ಡಿಸೆಂಬರ್ 9ರಂದು ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ ದೀವ್ ಆಚೆ ನಮ್ಮ ನೌಕಾಪಡೆಯ ಹಡಗು ಖುಕ್ರಿ ಮುಳುಗಿದಾಗ ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ; 18 ಅಧಿಕಾರಿಗಳೂ 176 ನಾವಿಕರೂ ತೀರಿಕೊಂಡರು. ಕೆಡೆಟ್ ಆಗಿದ್ದಾಗ ಆ ಕಥೆ ಕೇಳಿ, ಕ್ಯಾಪ್ಟನ್ನನ ಪರೀಕ್ಷೆ ಅಂಥ ಗಳಿಗೆಯಲ್ಲೇ ಎಂದುಕೊಂಡಿದ್ದೆ. ಸಾಯಂಕಾಲ ಸಿಡುಕಿ ಆಡಿದ ಒಂದು ಮಾತೂ ನಡುರಾತ್ರಿ ಜೀವ ತೆಗೆಯಬಹುದೆಂದು ಹೊಳೆದಿರಲಿಲ್ಲ.

ಮರುದಿನ ಪುಸ್ತಕದಲ್ಲಿ ಒಂದು ಸಾಲು ಸೇರಿಸಿದೆ: "ಅನುಮಾನ ಬಂದರೆ ಕರೆಯಿರಿ. ಕರೆದದ್ದಕ್ಕೆ ಬೈಯುವುದಿಲ್ಲ." ಬರೆದರಷ್ಟೇ ನಂಬುತ್ತಾರೆಯೇ? ಕರೆ ಬಂದಾಗಲೆಲ್ಲ ಮೊದಲು "ಒಳ್ಳೇದಾಯ್ತು ಕರೆದದ್ದು" ಎಂದು ಹೇಳಿ, ಆಮೇಲೆ ವಿಷಯ ಕೇಳುವುದನ್ನು ರೂಢಿ ಮಾಡಿಕೊಂಡೆ.

ಆ ವಾರ ಒಂದೇ ರಾತ್ರಿ 11 ಸಲ ಕರೆ ಬಂತು. ಕೊನೆಯದು ಬೆಳಗಿನ ಜಾವ, ಅದೇ ಹುಡುಗನದು: ಪೂರ್ವಕ್ಕೆ ಯಾವುದೋ ಹಡಗಿನ ದೀಪ, ಸರ್. ಹೋಗಿ ನೋಡಿದರೆ ಮೋಡದ ಸಂದಿಯಲ್ಲಿ ಶುಕ್ರ. ಒಳ್ಳೇದಾಯ್ತು ಕರೆದದ್ದು ಎಂದೆ. ಇಬ್ಬರಿಗೂ ಚಹಾ ತರಿಸಿ, ಬೆಳಕು ಹರಿಯುವವರೆಗೆ ಅವನ ಪಕ್ಕದಲ್ಲೇ ನಿಂತಿದ್ದೆ.