ಕಾಫಿ ಹಣ ಮಾರ್ಚ್‌ಗೆ, ಕಾಲೇಜು ಶುಲ್ಕ ಆಗಸ್ಟ್‌ಗೆ: ಡೆಂಟಲ್ ಹೈಜಿನಿಸ್ಟ್ ಓದಿದ ನನ್ನ ಅನುಭವ

ಕೊಡಗಿನ ಸಣ್ಣ ಬೆಳೆಗಾರರ ಕೈಗೆ ಹಣ ಬರುವುದು ಜನವರಿಯಿಂದ ಮಾರ್ಚ್‌ವರೆಗೆ. ರೊಬಸ್ಟಾ ಕಾಫಿ ಕೊಯ್ದು, ಕಣದಲ್ಲಿ ಒಣಗಿಸಿ, ಮೂಟೆ ಕಟ್ಟಿ ಮಾರುವ ಕಾಲ ಅದು. ಹಿಂದೆಯೇ ಕರಿಮೆಣಸಿನದೂ ಸ್ವಲ್ಪ ಸೇರುತ್ತದೆ. ಕಾಲೇಜುಗಳು ಶುಲ್ಕ ಕೇಳುವುದು ಜುಲೈ, ಆಗಸ್ಟ್‌ನಲ್ಲಿ. ಆಗ ಹೊರಗೆ ಬಿಡದ ಮಳೆ, ಮನೆಯಲ್ಲಿ ಮಾರುವುದಕ್ಕೆ ಏನೂ ಉಳಿದಿರುವುದಿಲ್ಲ. ನಾನು ಡೆಂಟಲ್ ಹೈಜಿನಿಸ್ಟ್ ಕೋರ್ಸ್ ಓದಿದ ಎರಡು ವರ್ಷವೂ ನಮ್ಮ ಮನೆಯನ್ನು ಹೆಚ್ಚು ನಲುಗಿಸಿದ್ದು ಈ ಐದು ತಿಂಗಳ ಅಂತರ. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟೋ ಅನುಕೂಲವಾಗುತ್ತಿತ್ತು. ಅದಕ್ಕಾಗಿಯೇ ಬರೆಯುತ್ತಿದ್ದೇನೆ.

ನಮ್ಮದು ಮಾದಾಪುರದ ಕಡೆಯ ಮೂರು ಎಕರೆ ತೋಟ. 2017ರಲ್ಲಿ ಪಿಯುಸಿ ವಿಜ್ಞಾನ ಮುಗಿಸಿದೆ. ನೀಟ್ ಬರೆದಿದ್ದೆ, ಸರ್ಕಾರಿ ಬಿಡಿಎಸ್ (ದಂತ ವೈದ್ಯ ಪದವಿ) ಸೀಟು ಸಿಗುವಷ್ಟು ಅಂಕ ಬರಲಿಲ್ಲ, ಖಾಸಗಿ ಸೀಟಿನ ಹಣ ನಮ್ಮ ಕೈಗೆಟುಕುವಂಥದ್ದಾಗಿರಲಿಲ್ಲ. ಅದೇ ಜೂನ್‌ನಲ್ಲಿ ಅವ್ವನ ದವಡೆ ಹಲ್ಲು ಕೀಳಿಸಲು ವಿರಾಜಪೇಟೆಯ ದಂತ ವೈದ್ಯಕೀಯ ಕಾಲೇಜಿಗೆ ಹೋದೆವು. ನಮ್ಮ ಸರದಿಗಾಗಿ ಕಾಯುತ್ತಿದ್ದಾಗ ಪಕ್ಕದಲ್ಲಿ ಕುಳಿತಿದ್ದ ಒಬ್ಬ ಹಿರಿಯರು, ನಿವೃತ್ತ ಕಾಂಪೌಂಡರ್, ನನ್ನ ಓದಿನ ವಿಚಾರ ಕೇಳಿದರು. "ಡಾಕ್ಟರೇ ಆಗಬೇಕೆಂದೇನಿಲ್ಲ ಮಗಳೇ, ಹಲ್ಲು ಶುಚಿ ಮಾಡುವುದನ್ನೇ ಎರಡು ವರ್ಷ ಕಲಿಸುತ್ತಾರೆ, ಅದಕ್ಕೆ ನೀಟ್ ಬೇಡ" ಎಂದರು. ಡೆಂಟಲ್ ಹೈಜಿನಿಸ್ಟ್ ಎಂಬ ಹೆಸರನ್ನು ನಾನು ಮೊದಲ ಬಾರಿಗೆ ಕೇಳಿದ್ದು ಅಲ್ಲೇ.

ಮನೆಗೆ ಬಂದು ಹುಡುಕಿದೆ. 1948ರ ದಂತ ವೈದ್ಯರ ಕಾಯ್ದೆಯಲ್ಲೇ ಈ ಕೆಲಸಕ್ಕೆ ಜಾಗವಿತ್ತು: ಹಲ್ಲಿನ ಪಾಚಿ ಕೆರೆದು ತೆಗೆಯುವುದು, ಶುಚಿ ಮಾಡಿ ಪಾಲಿಶ್ ಹಾಕುವುದು, ಬಾಯಿಯ ಸ್ವಚ್ಛತೆ ಹೇಳಿಕೊಡುವುದು. ದಂತ ವೈದ್ಯರಿಗೆ ಇರುವಂತೆ ಹೈಜಿನಿಸ್ಟ್‌ಗಳಿಗೂ ರಾಜ್ಯ ದಂತ ಪರಿಷತ್ತಿನಲ್ಲಿ ನೋಂದಣಿ ಪುಸ್ತಕವಿತ್ತು. ಅಮೆರಿಕ, ಕೆನಡಾಗಳಲ್ಲಿ ಇದನ್ನು ಪದವಿಯಾಗಿಯೂ ಓದುತ್ತಾರೆ. ನಾನು ಓದಿದ್ದು ಪಿಯುಸಿ ವಿಜ್ಞಾನದ ನಂತರದ ಎರಡು ವರ್ಷದ ಡಿಪ್ಲೊಮಾ. ಆ ನೋಂದಣಿ ಸಿಗಬೇಕಾದರೆ ಓದಿದ ಕಾಲೇಜಿನ ಈ ಕೋರ್ಸಿಗೆ ಭಾರತೀಯ ದಂತ ಪರಿಷತ್ತಿನ ಮಾನ್ಯತೆ ಇರಬೇಕಿತ್ತು. ಕಾಲೇಜಿಗೆ ಬಿಡಿಎಸ್ ನಡೆಸಲು ಮಾನ್ಯತೆ ಇದ್ದ ಮಾತ್ರಕ್ಕೆ ಹೈಜಿನಿಸ್ಟ್ ಕೋರ್ಸಿಗೂ ಇದೆ ಎಂದುಕೊಳ್ಳಬಾರದು.

ಮೂರು ಕಡೆ ಅರ್ಜಿ ಹಾಕಿದೆ. ಒಂದು ಸಂಸ್ಥೆಯವರು ದೂರವಾಣಿಯಲ್ಲೇ ಸೀಟು ಖಾತ್ರಿ, ಕೆಲಸವೂ ಖಾತ್ರಿ ಎಂದರು. ಮಾನ್ಯತೆ ಪತ್ರದ ನಕಲು ಕೇಳಿದಾಗ, "ಅದೆಲ್ಲ ನಿಮಗೇಕೆ, ಸರ್ಟಿಫಿಕೇಟ್ ನಾವು ಕೊಡುತ್ತೇವಲ್ಲ" ಎಂಬ ಉತ್ತರ ಬಂತು. ಪರಿಷತ್ತಿನ ಪಟ್ಟಿಯಲ್ಲಿ ಆ ಹೆಸರು ಇರಲಿಲ್ಲ. ಅರ್ಜಿ ಶುಲ್ಕವೆಂದು ಕೊಟ್ಟಿದ್ದ ಸಾವಿರ ರೂಪಾಯಿ ಹೋಯಿತು, ಹೋಗಲಿ. ನನ್ನ ಜೊತೆ ಪಿಯುಸಿ ಓದಿದ ಒಬ್ಬಳು ಇಂಥದ್ದೇ ಒಂದು ಕಡೆ ಸೇರಿದಳು. ಎರಡು ವರ್ಷ ಕಳೆದ ಮೇಲೆ ಅವಳ ಕೈಗೆ ಬಂದದ್ದು ಎಲ್ಲಿಯೂ ನೋಂದಾಯಿಸಲಾಗದ ಒಂದು ಹಾಳೆ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕೊನೆಗೆ ಮೈಸೂರಿನ ಒಂದು ಕಾಲೇಜಿನಲ್ಲಿ ಸೀಟು ಸಿಕ್ಕಿತು. ಮೂಲ ದಾಖಲೆಗಳ ಪರಿಶೀಲನೆಗೆ ಅಪ್ಪನೂ ಬಂದಿದ್ದರು. ನಮ್ಮ ಕಡೆ ಮಳೆಗಾಲದಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯುವುದು ಎಲ್ಲರಿಗೂ ಗೊತ್ತು. ಅವ್ವ ನಮ್ಮೆಲ್ಲರ ಅಂಕಪಟ್ಟಿ, ಜಾತಿ ಪತ್ರ, ಆರ್‌ಟಿಸಿಗಳನ್ನು ತಗಡಿನ ಪೆಟ್ಟಿಗೆಯಲ್ಲಿಟ್ಟು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು. ಕಾಲೇಜಿನ ಗುಮಾಸ್ತರು ಕಡತ ಬಿಡಿಸಿದಾಗ ಹೊಗೆಯ ವಾಸನೆ ಮೇಜಿನ ತುಂಬಾ ಹರಡಿತು. ಅವರು ತಲೆಯೆತ್ತಿ, "ಕೊಡಗಿನವರಾ?" ಎಂದರು. ಅಪ್ಪನ ಮುಖದಲ್ಲಿ ಅಂದು ಮೂಡಿದ ಮೊದಲ ನಗು ಅದು.

ಕಾಲೇಜಿನ ಶುಲ್ಕ ವರ್ಷಕ್ಕೆ 55,000 ರೂಪಾಯಿ. ಅಪ್ಪ ಮನಸ್ಸಿನಲ್ಲಿ ಇಟ್ಟುಕೊಂಡಿದ್ದದ್ದು ಇದೊಂದೇ ಲೆಕ್ಕ. ಹಾಸ್ಟೆಲ್ ಮತ್ತು ಊಟಕ್ಕೆ 48,000 ಆಯಿತು. ಪುಸ್ತಕ, ಬಿಳಿ ಕೋಟು, ಪರೀಕ್ಷಾ ಶುಲ್ಕ, ಉಪಕರಣ ಎಂದು ಮತ್ತೆ 18,000. ಮೊದಲ ವರ್ಷವೇ 1,21,000. ಸೇರುವ ಮೊದಲು ಈ ಅಂಕಿಗಳನ್ನು ಬಾಬ್ತುವಾರು ಬರೆಸಿಕೊಂಡು, ಕಾಲೇಜಿನ ಮುದ್ರೆ ಹಾಕಿಸಿದ ಪತ್ರವನ್ನು ನಾನು ಕೇಳಬೇಕಿತ್ತು. ಬ್ಯಾಂಕ್ ಮೊದಲು ಕೇಳುವುದು ಅದನ್ನೇ. ಹಾಸ್ಟೆಲ್, ಉಪಕರಣ ಅದರಲ್ಲಿ ಇಲ್ಲದಿದ್ದರೆ ಸಾಲದ ಲೆಕ್ಕಕ್ಕೆ ಸೇರಿಸುವುದು ಕಷ್ಟ.

ಉಪಕರಣದ ವಿಚಾರದಲ್ಲಿ ಮಾತ್ರ ನಾನು ಕೈ ಬಿಗಿ ಹಿಡಿಯಲಿಲ್ಲ, ಅದು ಸರಿಯಾಗಿತ್ತು. ಕೈಯಿಂದ ಪಾಚಿ ತೆಗೆಯುವ ಗ್ರೇಸಿ ಕ್ಯುರೆಟ್‌ಗಳಿಗೆ ಒಂದೊಂದಕ್ಕೂ ಒಂದು ಸಂಖ್ಯೆ, ಒಂದು ಜಾಗ: ದವಡೆ ಹಲ್ಲಿನ ಮುಂಬದಿಗೆ 11-12, ಹಿಂಬದಿಗೆ 13-14. ಅಗ್ಗದ ಸೆಟ್ಟಿನ ಅಲಗು ಬೇಗ ಮೊಂಡಾಗುತ್ತದೆ. ಮೊಂಡು ಅಲಗು ಪಾಚಿಯನ್ನು ಕೀಳುವುದಿಲ್ಲ, ಮೇಲ್ಭಾಗವನ್ನಷ್ಟೇ ಸವರಿ ನುಣುಪು ಮಾಡಿ ಬಿಡುತ್ತದೆ. ರೋಗಿಗೆ ನೋವೂ ಹೆಚ್ಚು. ನಮ್ಮ ಮೇಡಂ ಹೇಳಿದಂತೆ 6,500 ರೂಪಾಯಿ ಕೊಟ್ಟು ಒಳ್ಳೆಯ ಸೆಟ್ಟನ್ನೇ ಕೊಂಡೆ. ಉಂಗುರ ಬೆರಳನ್ನು ಪಕ್ಕದ ಹಲ್ಲಿನ ಮೇಲೆ ಊರಿ, ಅಲಗಿನ ತುದಿಯನ್ನಷ್ಟೇ ಹಲ್ಲಿಗೆ ತಾಗಿಸಿ ಎಳೆಯುವುದನ್ನು ಬೊಂಬೆ ದವಡೆಯ ಮೇಲೆ ವಾರಗಟ್ಟಲೆ ಮಾಡಿದ್ದೇನೆ.

ಇನ್ನು ಆ ಮೊದಲ ವರ್ಷದ ಹಣ ಹೇಗೆ ಬಂತು ಎಂಬುದು. ಅಪ್ಪನಿಗೆ ಬ್ಯಾಂಕ್ ಸಾಲವೆಂದರೆ ಹಿಂಜರಿಕೆ. "ಸಾಲ ಮಾಡಿ ಮಗಳನ್ನು ಓದಿಸಿದ ಎಂಬ ಮಾತು ಬೇಡ" ಎಂದರು. ಆಗಸ್ಟ್‌ನಲ್ಲಿ ಒಬ್ಬ ವ್ಯಾಪಾರಿಯಿಂದ ಮುಂದಿನ ಫಸಲಿನ ಮೇಲೆ 70,000 ರೂಪಾಯಿ ಮುಂಗಡ ತಂದರು. ಉಳಿದದ್ದಕ್ಕೆ ಚಿಕ್ಕಪ್ಪ ಮತ್ತು ಅವ್ವನ ಸ್ತ್ರೀಶಕ್ತಿ ಸಂಘ. ಫೆಬ್ರವರಿಯಲ್ಲಿ ಕಾಫಿ ಕೊಡುವಾಗ ವ್ಯಾಪಾರಿ ಹಿಡಿದ ಬೆಲೆ ಪೇಟೆಗಿಂತ ಮೂಟೆಗೆ 300 ರೂಪಾಯಿ ಕಡಿಮೆ. ಇಪ್ಪತ್ತೆರಡು ಮೂಟೆಗೆ 6,600 ಹೋಯಿತು. ರಜೆಗೆ ಬಂದಿದ್ದ ನಾನು ಕಣದ ಬದಿಯಲ್ಲಿ ಕುಳಿತು ಲೆಕ್ಕ ಹಾಕಿದೆ: 70,000ಕ್ಕೆ ಆರು ತಿಂಗಳಲ್ಲಿ 6,600 ಎಂದರೆ ವರ್ಷಕ್ಕೆ ನೂರಕ್ಕೆ ಹತ್ತೊಂಬತ್ತರ ಹತ್ತಿರದ ಬಡ್ಡಿ. ಸಾಲವಲ್ಲ, ಮುಂಗಡ ಎಂದು ಕರೆದದ್ದರಿಂದ ಅದು ಬಡ್ಡಿಯೆಂದು ಮನೆಯಲ್ಲಿ ಯಾರಿಗೂ ಅನ್ನಿಸಿರಲೇ ಇಲ್ಲ. ಅಪ್ಪನಿಗೆ ಹಾಳೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು, ಏನೂ ಹೇಳಲಿಲ್ಲ.

ಆ ಮಾರ್ಚ್‌ನಲ್ಲೇ ಬ್ಯಾಂಕಿಗೆ ಅರ್ಜಿ ಕೊಡೋಣ ಎಂದೆ. ನೋಡೋಣ, ನೋಡೋಣ ಎನ್ನುತ್ತಲೇ ಮಳೆ ಹಿಡಿಯಿತು.

2018ರ ಆಗಸ್ಟ್ ಕೊಡಗಿನವರಿಗೆ ಹೇಳಬೇಕಾಗಿಲ್ಲ. ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರದ ಸುತ್ತ ಗುಡ್ಡಗಳು ಜಾರಿದ ವಾರ ನಾನು ಮೈಸೂರಿನಲ್ಲಿದ್ದೆ, ಎರಡು ದಿನ ಮನೆಯ ಫೋನ್ ಸಿಗಲಿಲ್ಲ. ಮೂರನೆಯ ದಿನ ಪರಿಹಾರ ಕೇಂದ್ರದಿಂದ ಅವ್ವ ಯಾರದೋ ಮೊಬೈಲ್‌ನಲ್ಲಿ ಮಾತಾಡಿದರು. ಮನೆ ಉಳಿದಿದೆ, ತೋಟದ ಕೆಳಗಿನ ಒಂದೂವರೆ ಎಕರೆ ಇಲ್ಲ ಎಂದರು. ಆಮೇಲೆ, "ಪೆಟ್ಟಿಗೆ ತಂದಿದ್ದೇನೆ" ಎಂದರು. ಉಟ್ಟ ಬಟ್ಟೆಯಲ್ಲಿ ಹೊರಡುವಾಗ ಅಟ್ಟ ಹತ್ತಿ ಆ ತಗಡಿನ ಪೆಟ್ಟಿಗೆಯನ್ನು ಇಳಿಸಿಕೊಂಡು, ಮಳೆಯಲ್ಲಿ ತಲೆಯ ಮೇಲೆ ಹೊತ್ತುಕೊಂಡು ನಡೆದಿದ್ದರು.

ಎರಡನೇ ವರ್ಷದ ಶುಲ್ಕಕ್ಕೆ ಆಗಸ್ಟ್ 31 ಕೊನೆಯ ದಿನವಾಗಿತ್ತು. ಜಾರಿಹೋದ ತೋಟಕ್ಕೆ ಯಾವ ವ್ಯಾಪಾರಿ ಮುಂಗಡ ಕೊಡುತ್ತಾನೆ? ಪ್ರಾಂಶುಪಾಲರ ಮುಂದೆ ಹೋಗಿ ನಿಂತು ವಿಷಯ ತಿಳಿಸಿ, ಬರವಣಿಗೆಯಲ್ಲಿ ಎರಡು ತಿಂಗಳ ಕಾಲಾವಕಾಶ ಕೇಳಿದೆ. ಕೊಟ್ಟರು. ಬಾಯಿಮಾತಿನಲ್ಲಿ ಕೇಳದೆ ಅರ್ಜಿ ಬರೆದು, ಅದರ ನಕಲಿಗೆ ಸಹಿ ಪಡೆದದ್ದು ಮುಂದೆ ಬಹಳ ಉಪಯೋಗಕ್ಕೆ ಬಂತು. ಹೊಸ ಗುಮಾಸ್ತರು ದಂಡ ಕಟ್ಟಲು ಹೇಳಿದಾಗ ತೋರಿಸಲು ಆ ನಕಲಿತ್ತು.

ಸೆಪ್ಟೆಂಬರ್ ಮೊದಲ ವಾರದ ಕೈಲ್ ಮುಹೂರ್ತ ಹಬ್ಬ ಕಳೆದ ಮೇಲೆ ಅಪ್ಪ ತಾವಾಗಿಯೇ ಬ್ಯಾಂಕಿಗೆ ಹೊರಟರು. ಶಿಕ್ಷಣ ಸಾಲಕ್ಕೆ ಅರ್ಜಿ ಹಾಕುವ ವಿದ್ಯಾಲಕ್ಷ್ಮಿ ಜಾಲತಾಣದಲ್ಲಿ ಒಂದೇ ಅರ್ಜಿಯನ್ನು ಮೂರು ಬ್ಯಾಂಕುಗಳಿಗೆ ಕಳುಹಿಸಬಹುದಿತ್ತು, ಹಾಗೆ ಕಳುಹಿಸಿದ್ದೆ. ಆದರೂ ಶಾಖೆಗೆ ಹೋಗಿ ಕೇಳದೆ ಕಡತ ಅಲುಗಲಿಲ್ಲ. ಮೊದಲ ಶಾಖೆಯಲ್ಲಿ ತೋಟದ ಪತ್ರ ಅಡಮಾನ ಇಡಿ ಎಂದರು. ನಮ್ಮದು ಜಮ್ಮಾ ಜಾಗ, ಎಂದರೆ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನು, ಆರ್‌ಟಿಸಿಯಲ್ಲಿ ಕುಟುಂಬದ ಒಂಬತ್ತು ಜನರ ಹೆಸರಿದೆ. ಒಂಬತ್ತು ಸಹಿ ತರುವುದೆಂದರೆ ಬೆಂಗಳೂರಿನಲ್ಲಿರುವ ದೊಡ್ಡಪ್ಪನ ಮಕ್ಕಳಿಂದ ಹಿಡಿದು ಸೇನೆಯಲ್ಲಿರುವ ಅಣ್ಣನವರೆಗೆ ಓಡಾಡಬೇಕು. ಆದರೆ ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷ ರೂಪಾಯಿವರೆಗೆ ಅಡಮಾನ ಬೇಡ, ನಮ್ಮ ಪಾಲಿನ ಹಣವನ್ನೂ ಹಾಕಬೇಕಾಗಿಲ್ಲ. ತಂದೆ ಅಥವಾ ತಾಯಿ ಜಂಟಿ ಸಾಲಗಾರರಾಗಿ ಸಹಿ ಹಾಕಿದರೆ ಸಾಕು. ನಾನು ಈ ನಿಯಮವಿರುವ ಪುಟವನ್ನು ಅಚ್ಚು ಹಾಕಿಸಿ ಕೊಂಡೊಯ್ದಿದ್ದೆ. ಎರಡನೆಯ ಶಾಖೆಯ ವ್ಯವಸ್ಥಾಪಕರು ಓದಿ, ತಮ್ಮ ಸುತ್ತೋಲೆ ತೆಗೆದು ಹೋಲಿಸಿ ನೋಡಿ, "ಸರಿಯಮ್ಮ, ಅರ್ಜಿ ಕೊಡಿ" ಎಂದರು. ಹಾಗೆ ಹೇಳುವ ಅಧಿಕಾರಿ ಸಿಗುವವರೆಗೆ ಹುಡುಕುವುದು ಬೇಸರ ತರಿಸುವ ಕೆಲಸ. ಆದರೂ ಆ ಪುಟ ಕೈಯಲ್ಲಿ ಇಲ್ಲದೆ ಹೋಗಬೇಡಿ.

ಪೆಟ್ಟಿಗೆಯಲ್ಲಿದ್ದ ಅಂಕಪಟ್ಟಿ, ಆಧಾರ್, ಅಪ್ಪನ ಪ್ಯಾನ್, ನಾಡಕಚೇರಿಯ ಆದಾಯ ಪತ್ರ, ಕಾಲೇಜಿನ ಪ್ರವೇಶ ಪತ್ರ, ಮಾನ್ಯತೆಯ ನಕಲು, ಬಾಬ್ತುವಾರು ಶುಲ್ಕ ಪತ್ರ. ಇವಿಷ್ಟನ್ನು ಕೊಟ್ಟೆ. ಐದು ವಾರದಲ್ಲಿ 1,12,000 ರೂಪಾಯಿ ಮಂಜೂರಾಯಿತು. ಶುಲ್ಕದ ಹಣ ನಮ್ಮ ಕೈಗೆ ಬರುವುದಿಲ್ಲ, ನೇರವಾಗಿ ಕಾಲೇಜಿನ ಖಾತೆಗೆ ಹೋಗುತ್ತದೆ. ಪುಸ್ತಕ, ಉಪಕರಣದ ಹಣಕ್ಕೆ ಬಿಲ್ಲು ತೋರಿಸಬೇಕು.

ಓದುವ ಅವಧಿ ಮತ್ತು ಆಮೇಲೆ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಬಡ್ಡಿ ಮಾತ್ರ ಏರುತ್ತಿರುತ್ತದೆ. ಅದನ್ನು ಆಗಿಂದಾಗ್ಗೆ ಕಟ್ಟುತ್ತಾ ಹೋದರೆ ದರದಲ್ಲಿ ಶೇ 1ರ ರಿಯಾಯಿತಿಯೂ ಸಿಗುತ್ತದೆ, ಕೊನೆಗೆ ಅಸಲಿಗೆ ಸೇರಿ ಬೆಳೆಯುವುದೂ ಇಲ್ಲ. ತಿಂಗಳಿಗೆ ಒಂಬೈನೂರರ ಹತ್ತಿರ ಆಗುತ್ತಿತ್ತು. ಅವ್ವ ಅದನ್ನು ಮೊಟ್ಟೆ, ನಾಟಿಕೋಳಿ ಮಾರಿದ ಹಣದಿಂದ ಕಟ್ಟಿದರು, ಒಂದು ತಿಂಗಳೂ ತಪ್ಪಿಸಲಿಲ್ಲ.

ವಿದ್ಯಾರ್ಥಿವೇತನದ ಬಗ್ಗೆ ಒಂದು ಮಾತು. ನನ್ನ ಕಾಲದಲ್ಲಿ ಅದಕ್ಕೆ ಇ-ಪಾಸ್ ಜಾಲತಾಣವಿತ್ತು, ಈಗ ಎಸ್‌ಎಸ್‌ಪಿ, ಎಂದರೆ ರಾಜ್ಯ ವಿದ್ಯಾರ್ಥಿವೇತನ ಜಾಲತಾಣ. ಜಾತಿ ಮತ್ತು ಆದಾಯ ಪತ್ರದ ಆರ್‌ಡಿ ಸಂಖ್ಯೆ ಬೇಕು, ಹಣ ಬರುವುದು ಆಧಾರ್ ಜೋಡಣೆಯಾದ ವಿದ್ಯಾರ್ಥಿಯ ಸ್ವಂತ ಖಾತೆಗೆ. ನನ್ನ ಖಾತೆಗೆ ಆಧಾರ್ ಜೋಡಿಸಿಯೇ ಇರಲಿಲ್ಲ. ಗೊತ್ತಾಗುವಷ್ಟರಲ್ಲಿ ಮೊದಲ ವರ್ಷದ ಅವಕಾಶ ಕಳೆದಿತ್ತು.

2019ರಲ್ಲಿ ಕೋರ್ಸ್ ಮುಗಿಯಿತು, ನೋಂದಣಿಯಾಯಿತು. ನವೆಂಬರ್‌ನಲ್ಲಿ ಕುಶಾಲನಗರದ ಒಂದು ದಂತ ಚಿಕಿತ್ಸಾಲಯದಲ್ಲಿ 11,000 ರೂಪಾಯಿ ಸಂಬಳಕ್ಕೆ ಸೇರಿದೆ. ನಮ್ಮಲ್ಲಿ ಹೆಚ್ಚಿನ ದಂತ ವೈದ್ಯರು ಶುಚಿ ಮಾಡುವ ಕೆಲಸವನ್ನೂ ತಾವೇ ಮಾಡಿಬಿಡುತ್ತಾರೆ, ಹಾಗಾಗಿ ಸಣ್ಣ ಊರಿನಲ್ಲಿ ಹೈಜಿನಿಸ್ಟ್‌ಗೆ ಕೆಲಸ ಸುಲಭವಾಗಿ ಸಿಗುವುದಿಲ್ಲ. ಸಾಲದ ಮೊತ್ತ ನಿರ್ಧರಿಸುವಾಗ ಈ ಸಂಬಳವನ್ನೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ದೊಡ್ಡ ಊರಿನ, ಹೊರದೇಶದ ಸಂಬಳವನ್ನಲ್ಲ.

ಐದನೆಯ ತಿಂಗಳಿಗೆ ಲಾಕ್‌ಡೌನ್ ಬಂತು. ಪಾಚಿ ತೆಗೆಯುವ ಅಲ್ಟ್ರಾಸಾನಿಕ್ ಸ್ಕೇಲರ್ ಯಂತ್ರ ನೀರಿನ ಸಣ್ಣ ಹನಿಗಳನ್ನು ಗಾಳಿಗೆ ಹಾರಿಸುತ್ತದೆ, ಹಾಗಾಗಿ ಮೊದಲು ನಿಂತದ್ದೇ ನನ್ನ ಕೆಲಸ. ಕಂತು ಶುರುವಾಗುವುದಕ್ಕೆ ಇನ್ನೂ ಸಮಯವಿತ್ತಲ್ಲ ಎಂಬುದೊಂದೇ ಸಮಾಧಾನ. ಚಿಕಿತ್ಸಾಲಯ ತೆರೆದಾಗ ಡಾಕ್ಟರ್ ನನ್ನನ್ನು ಕರೆಸಿ, "ಯಂತ್ರ ಬೇಡ, ಕೈಯಲ್ಲಿ ಮಾಡುತ್ತೀಯಾ?" ಎಂದರು. ಆ 6,500 ರೂಪಾಯಿಯ ಸೆಟ್ಟು ಹೊರಬಂತು.

ಆ ದಿನಗಳಲ್ಲಿ ಸುಂಟಿಕೊಪ್ಪದ ಕಡೆಯ ತೋಟ ಕಾರ್ಮಿಕರ ಲೈನ್ ಮನೆಯಿಂದ ಒಬ್ಬ ಅಜ್ಜಿ ಬಂದಿದ್ದರು. ನಲವತ್ತು ವರ್ಷ ಎಲೆ, ಅಡಿಕೆ, ಹೊಗೆಸೊಪ್ಪು ಹಾಕಿದ ಬಾಯಿ. ಕೆಳಗಿನ ಮುಂಭಾಗದ ಹಲ್ಲುಗಳ ಹಿಂದೆ, ಜೊಲ್ಲುಗ್ರಂಥಿಯ ಬಾಯಿ ತೆರೆಯುವ ಜಾಗದಲ್ಲಿ, ಪಾಚಿ ಕಲ್ಲಾಗಿ ಆರು ಹಲ್ಲುಗಳನ್ನು ಒಂದು ಮಾಡಿತ್ತು. ಅರ್ಧ ಗಂಟೆಯ ನಂತರ ಒಂದು ಚೂರು ಚಿಪ್ಪಿನ ಹಾಗೆ ಎದ್ದು ಬಂತು. ಅಜ್ಜಿ ನಾಲಿಗೆ ಆಡಿಸಿ ನೋಡಿ ಗಾಬರಿಯಾದರು: "ಹಲ್ಲು ಮುರಿದೆಯಾ ಮಗಳೇ? ಸಂದಿ ಆಗಿದೆಯಲ್ಲ!" ಶುಚಿ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂದು ನಮ್ಮ ಜನ ನಂಬುವುದು ಇದರಿಂದಲೇ. ಕೈಗನ್ನಡಿ ಹಿಡಿದು, ಅದು ಅವರ ಸ್ವಂತ ಹಲ್ಲುಗಳ ನಡುವಿನ ಜಾಗ, ಇಷ್ಟು ವರ್ಷ ಕಲ್ಲು ತುಂಬಿತ್ತು ಎಂದು ತೋರಿಸಿದೆ. ಮುಂದಿನ ವಾರ ಸೊಸೆಯನ್ನೂ ಕರೆತಂದರು.

2020ರ ಅಕ್ಟೋಬರ್‌ನಿಂದ ತಿಂಗಳಿಗೆ 2,350 ರೂಪಾಯಿಯಂತೆ ಕಟ್ಟಿ, 2025ರ ಸೆಪ್ಟೆಂಬರ್‌ನಲ್ಲಿ ಸಾಲ ತೀರಿಸಿದೆ. ಬಾಕಿ ಇಲ್ಲವೆಂಬ ಪತ್ರ ಈಗ ಅಟ್ಟದ ಪೆಟ್ಟಿಗೆಯಲ್ಲಿದೆ.

ಈಗ ಚಿಕ್ಕಪ್ಪನ ಮಗಳು ಇದೇ ಕೋರ್ಸ್ ಓದಬೇಕೆಂದಿದ್ದಾಳೆ. ಈ ಸಲ ಕಾಫಿ ಮಾರಿದ ವಾರವೇ ಮೊದಲ ವರ್ಷದ ಹಾಸ್ಟೆಲ್ ಹಣವನ್ನು ಅವಳ ಹೆಸರಿನಲ್ಲಿ ಐದು ತಿಂಗಳ ಠೇವಣಿ ಇಡಿಸಿದ್ದೇವೆ. ಆಧಾರ್ ಜೋಡಣೆಯಾಗಿದೆ. ಕಾಲೇಜುಗಳ ಪಟ್ಟಿಯನ್ನು ನಾನೇ ಕುಳಿತು ಪರಿಶೀಲಿಸಿದ್ದೇನೆ. ಮಳೆ ಹಿಡಿಯುವ ಮುನ್ನ ಆದಾಯ ಪತ್ರವೊಂದು ಆಗಬೇಕು, ಸೋಮವಾರ ರಜೆ ಹಾಕಿ ಅವಳ ಜೊತೆ ನಾಡಕಚೇರಿಗೆ ಹೋಗುತ್ತಿದ್ದೇನೆ.