ದಸರಾಕ್ಕೆ ಮೀನಿನ ಟ್ಯಾಂಕ್ ತೊಳೆದು ನಾನು ಕಲಿತದ್ದು

ನಮ್ಮ ವಿಜಯಪುರದ ಕಡೆ ದಸರಾ ಬಂತಂದರೆ ಮನೆಯಲ್ಲಿ ತೊಳೆಯದ ವಸ್ತು ಅಂತ ಒಂದೂ ಉಳಿಯುವುದಿಲ್ಲ. ಕೌದಿ, ಹಾಸಿಗೆ, ಅಟ್ಟದ ಮೇಲಿನ ಹಿತ್ತಾಳೆ ಹಂಡೆ, ಎಲ್ಲಾ ಅಂಗಳಕ್ಕೆ ಬರುತ್ತವೆ. ಮೂರು ವರ್ಷದ ಹಿಂದೆ ಅದೇ ಉಮೇದಿಯಲ್ಲಿ ಮೀನಿನ ಟ್ಯಾಂಕನ್ನೂ ಹೊರಗೆ ತಂದೆ. ಒಳಗಿನ ಕಲ್ಲುಗಳನ್ನು ಕುದಿಯುವ ನೀರಿಗೆ ಹಾಕಿ, ಮಾಳಿಗೆ ಮೇಲೆ ಒಣಗಿಸಿದೆ. ಫಿಲ್ಟರಿನ ಸ್ಪಂಜನ್ನು ನಳದ ಕೆಳಗೆ ಹಿಡಿದು ಕರಿ ನೀರು ನಿಲ್ಲುವ ತನಕ ಹಿಂಡಿದೆ. ಗಾಜು ಫಳಫಳ ಹೊಳೆಯುತ್ತಿತ್ತು. ಬೋರ್ ನೀರು ತುಂಬಿಸಿ, ಬಕೀಟಿನಲ್ಲಿದ್ದ ನೀಲಿ ಬೆಟ್ಟಾ (ಫೈಟರ್) ಮೀನನ್ನು ಜಾಳಿಗೆಯಲ್ಲಿ ಎತ್ತಿ ಟಪ್ ಅಂತ ಬಿಟ್ಟೆ.

ಮೊದಲ ದಿನ ಚೆನ್ನಾಗಿಯೇ ಇತ್ತು. ಎರಡನೇ ದಿನ ರೆಕ್ಕೆ ಮುದುಡಿಕೊಂಡಿತು. ಆಮೇಲೆ ತಳದಲ್ಲಿ ಒರಗಿ ಕೂತಿತು. ಐದನೇ ದಿನ ಬೆಳಿಗ್ಗೆ ಮಗಳು ಅದನ್ನು ದಾಸವಾಳದ ಬುಡಕ್ಕೆ ಹಾಕಿ ಮಣ್ಣು ಮುಚ್ಚಿ ಬಂದಳು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಇನ್ನೊಂದು ತರೋಣ ಅಂತ ಮೀನಿನ ಅಂಗಡಿಗೆ ಹೋದೆ. ಅಲ್ಲಿಯ ಹುಡುಗ ಮೀನು ಕೊಡುವ ಮೊದಲು ಒಂದೇ ಪ್ರಶ್ನೆ ಕೇಳಿದ.

"ಅಕ್ಕಾರ, ಸ್ಪಂಜ್ ಯಾವ ನೀರಾಗ ತೊಳದ್ರಿ?"

"ನಳದ ನೀರಾಗ. ಯಾಕಪಾ?"

"ಕಲ್ಲು?"

"ಕುದಿಸೇನಿ."

ಅವನು ಸುಮ್ನೆ ನನ್ನ ಮುಖ ನೋಡಿದ. ಆಮೇಲೆ ಹೇಳಿದ, "ಮತ್ತ ಉಳೀತೇನ್ರಿ ಅದರಾಗ?"

ವಿಷಯ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಮೊಸರಿನ ಪಾತ್ರೆ ಎಷ್ಟೇ ತಿಕ್ಕಿ ತೊಳೆದರೂ ನಾವು ಹೆಪ್ಪಿಗೆ ಒಂದು ಚಮಚ ಎತ್ತಿಟ್ಟಿರುತ್ತೇವೆ, ಅಲ್ವಾ? ಟ್ಯಾಂಕಿಗೂ ಅಂಥದ್ದೇ ಒಂದು ಹೆಪ್ಪು ಇರುತ್ತದೆ. ಮೀನು ಕಿವಿರಿನಿಂದ ಅಮೋನಿಯಾ ಅನ್ನುವ ವಿಷ ಬಿಡುತ್ತದೆ. ತಿನ್ನದೇ ಉಳಿದ ಮೀನಿನ ಕಾಳು, ಹೇಲು ಕೊಳೆತರೂ ಅದೇ. ಸ್ಪಂಜು ಮತ್ತು ಕಲ್ಲಿಗೆ ಅಂಟಿಕೊಂಡ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್ ಮಾಡಿ, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಈ ಹೆಪ್ಪು ಹೊಸದಾಗಿ ಕೂಡಲು ನಾಲ್ಕರಿಂದ ಆರು ವಾರ ಬೇಕು. ನಾನು ಅದನ್ನು ಒಂದೇ ಮಧ್ಯಾಹ್ನದಲ್ಲಿ ಕುದಿಸಿ, ಬ್ಲೀಚಿಂಗ್ ಹಾಕಿದ ನಳದ ನೀರಿನಲ್ಲಿ ಹಿಂಡಿ, ಮುಗಿಸಿಬಿಟ್ಟಿದ್ದೆ.

ನಮ್ಮ ನೀರಿನ ಕಥೆಯೇ ಬೇರೆ. ನಳಕ್ಕೆ ಕೃಷ್ಣಾ ನದಿ ನೀರು ಬರುತ್ತದೆ, ಆದರೆ ದಿನಾ ಬರುವುದಿಲ್ಲ. ಅದು ಬಂದ ದಿನ ಕ್ಲೋರಿನ್ ವಾಸನೆ ಮೂಗಿಗೆ ಹೊಡೆಯುತ್ತದೆ. ಬೋರ್ ನೀರು ಸವಳು, ಬಕೀಟಿನ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ. ನಮ್ಮ ಬೋರಿನ ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಅಳತೆ) ನೋಡಿದಾಗ 8ರ ಹತ್ತಿರ ಇತ್ತು. ಪಿಎಚ್ ಏರಿದಷ್ಟೂ, ನೀರು ಬಿಸಿಯಾದಷ್ಟೂ ಅಮೋನಿಯಾ ಜಾಸ್ತಿ ವಿಷವಾಗುತ್ತದೆ. ಅಂದರೆ 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ, ಸವಳು ನೀರಿನಲ್ಲಿ, ಹೆಪ್ಪಿಲ್ಲದ ಟ್ಯಾಂಕ್ ಎಲ್ಲಕ್ಕಿಂತ ಕೆಟ್ಟದ್ದು. ಬೆಟ್ಟಾ ಥಾಯ್ಲೆಂಡ್ ಕಡೆಯ ಭತ್ತದ ಗದ್ದೆ ನೀರಿನ ಮೀನು, ಮೇಲೆ ಬಂದು ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಅದಕ್ಕೇ ಅಂಗಡಿಯಲ್ಲಿ ಒಂದು ಗ್ಲಾಸಿನಲ್ಲಿ ಬದುಕಿರುತ್ತದೆ. ಅದನ್ನು ನೋಡಿ "ಫೈಟರ್ ಮೀನು ಏನ್ ಮಾಡಿದ್ರೂ ತಡೀತೈತಿ" ಅನ್ನುವವರಿದ್ದಾರೆ. ನೀರಿನಲ್ಲಿ ಗಾಳಿ ಸಾಲದಿದ್ದರೆ ತಡೆಯುತ್ತದೆ. ಒಮ್ಮೆಲೇ ನೀರು ಬದಲಾದರೆ ತಡೆಯುವುದಿಲ್ಲ.

ಈಗ ನಾನು ಮಾಡುವ ರೀತಿ ಹೇಳುತ್ತೇನೆ. ನನ್ನದು 20 ಲೀಟರಿನ ಟ್ಯಾಂಕ್. ಹೊಲಿಗೆ ಮೆಷಿನ್ ಪಕ್ಕದಲ್ಲೇ ಇಟ್ಟಿದ್ದೇನೆ. ವಾರಕ್ಕೊಮ್ಮೆ 5 ಲೀಟರ್ ತೆಗೆದು 5 ಲೀಟರ್ ಹಾಕುತ್ತೇನೆ. ಇದಕ್ಕೆ ಮೀನನ್ನು ಹೊರಗೆ ತೆಗೆಯುವ ಅಗತ್ಯವೇ ಇಲ್ಲ. ನೀರನ್ನು ಹಿಂದಿನ ದಿನವೇ ಅಗಲ ಬಾಯಿಯ ಟಬ್ಬಿನಲ್ಲಿ ತುಂಬಿ ತೆರೆದಿಡುತ್ತೇನೆ. ಮುಕ್ಕಾಲು ನಳದ್ದು, ಕಾಲು ಬೋರಿನದು, ಪ್ರತಿ ಸಲವೂ ಅದೇ ಲೆಕ್ಕ. ನಳದ ಕ್ಲೋರಿನ್ ಹಾರಿ ಹೋಗುತ್ತದೆ, ಬೋರ್ ನೀರಿನಲ್ಲಿ ಸೇರಿಕೊಂಡ ಅನಿಲ ಬಿಟ್ಟುಹೋಗಿ ಪಿಎಚ್ ಒಂದು ಕಡೆ ನಿಲ್ಲುತ್ತದೆ. ಅವಸರವಿದ್ದರೆ ಆಂಟಿ ಕ್ಲೋರಿನ್ ಹನಿ ಹಾಕುತ್ತೇನೆ.

ವರ್ಷಕ್ಕೆ ಒಂದೆರಡು ಸಲ ಮಾತ್ರ ಪೂರ್ತಿ ತೊಳೆಯಬೇಕಾಗುತ್ತದೆ, ಗಾಜಿಗೆ ಸವಳಿನ ಪೊರೆ ಕಟ್ಟಿದಾಗ. ಆಗ ಮೊದಲು ಹೀಟರ್ ಬಂದ್ ಮಾಡಿ ಕಾಲು ತಾಸು ಕಾಯುತ್ತೇನೆ. ಒಂದು ಸಲ ಮರೆತು ನೀರು ಇಳಿಸಿದೆ, ಹೀಟರಿನ ಗಾಜು ಚಟ್ ಅಂತ ಬಿರುಕು ಬಿಟ್ಟಿತು. ಪುಣ್ಯಕ್ಕೆ ಕೈ ಒಳಗೆ ಇಟ್ಟಿರಲಿಲ್ಲ.

ಹಳೇ ನೀರು ಅರ್ಧ ಟ್ಯಾಂಕಿನಷ್ಟು ಬಕೀಟಿನಲ್ಲಿ ಎತ್ತಿಡುತ್ತೇನೆ. ಸ್ಪಂಜು, ಕಲ್ಲು ಅದರಲ್ಲೇ ಮುಳುಗಿರುತ್ತವೆ, ಒಣಗಬಾರದು. ಸ್ಪಂಜನ್ನು ಹಳೇ ನೀರನ್ನೇ ಬೇರೆ ಪಾತೇಲಿಗೆ ಹಾಕಿಕೊಂಡು ಎರಡು ಸಲ ಮೆಲ್ಲಗೆ ಹಿಂಡುತ್ತೇನೆ. ಕರಿ ಇನ್ನೂ ಬರುತ್ತಿದ್ದರೂ ನಿಲ್ಲಿಸುತ್ತೇನೆ. ಗಾಜಿಗೆ ಸಾಬೂನು ಮುಟ್ಟಿಸುವುದಿಲ್ಲ. ಸವಳಿನ ಪೊರೆಗೆ ನಮ್ಮ ಇಂಡಿ ಕಡೆಯ ನಿಂಬೆಹಣ್ಣಿನ ಹೋಳೇ ಸಾಕು. ತಿಕ್ಕಿ, ಐದು ನಿಮಿಷ ಬಿಟ್ಟು, ಮೂರು ಸಲ ಬರೀ ನೀರಿನಲ್ಲಿ ತೊಳೆದರೆ ಪೊರೆ ಹೋಗುತ್ತದೆ. ಇನ್ನೊಂದು, ನನ್ನಂಥ ಹೊಲಿಗೆಯವರಿಗೆ ಮಾತ್ರ ಬೇಕಾಗುವ ಮಾತು: ಮೆಷಿನ್ ಎಣ್ಣೆ ಹತ್ತಿದ ಕೈ ಟ್ಯಾಂಕಿಗೆ ಹಾಕಬಾರದು.

ಮೀನು ತೆಗೆಯಲು ಈಗ ಜಾಳಿಗೆ ಬಳಸುವುದಿಲ್ಲ. ಉದ್ದ ರೆಕ್ಕೆ ಅದರ ಎಳೆಗೆ ಸಿಕ್ಕಿ ಹರಿಯುತ್ತದೆ. ಒಂದು ಹಳೇ ಪ್ಲಾಸ್ಟಿಕ್ ಡಬ್ಬಿಯನ್ನು ಓರೆಯಾಗಿ ಮುಳುಗಿಸಿದರೆ ನೀರಿನ ಜೊತೆ ತಾನೇ ಒಳಗೆ ಬರುತ್ತದೆ. ಮೇಲೊಂದು ತಾಟು ಮುಚ್ಚಬೇಕು, ನಡುವೆ ಗಾಳಿಗೆ ಸಂದು ಬಿಟ್ಟು. ಬೆಟ್ಟಾ ಜಿಗಿಯುತ್ತದೆ. ಒಮ್ಮೆ ಅತ್ತೆ ಆ ಡಬ್ಬಿ ಎತ್ತಿಕೊಂಡು, "ಈ ನೀರು ಗಿಡಕ್ಕ ಹಾಕ್ಲೇನ?" ಅಂದಿದ್ದರು. ಅಂದಿನಿಂದ ಅಡುಗೆಮನೆ ಕಡೆ ಇಡುವುದಿಲ್ಲ.

ತೊಳೆದ ಟ್ಯಾಂಕಿಗೆ ಕಲ್ಲು, ಎತ್ತಿಟ್ಟ ಹಳೇ ನೀರು, ಆಮೇಲೆ ನಿಂತ ಹೊಸ ನೀರು ಹಾಕಿ ಫಿಲ್ಟರ್ ಶುರು ಮಾಡುತ್ತೇನೆ. ಹೀಟರ್ ನೀರಿನಲ್ಲಿ ಕಾಲು ತಾಸು ಇದ್ದ ಮೇಲೆ ಸ್ವಿಚ್. ಥರ್ಮಾಮೀಟರ್ 26ರ ಹತ್ತಿರ ಬರಬೇಕು. ಮಾಳಿಗೆ ಟ್ಯಾಂಕಿನ ನೀರು ಬೇಸಿಗೆ ಮಧ್ಯಾಹ್ನ ಸ್ನಾನದ ನೀರಿನಷ್ಟು ಕಾದಿರುತ್ತದೆ, ಡಿಸೆಂಬರ್ ಬೆಳಿಗ್ಗೆ ಬೆರಳು ಜುಮ್ ಅನ್ನುತ್ತದೆ. ಕೈಯಿಟ್ಟು ಅಂದಾಜು ಮಾಡಲು ಹೋಗಬೇಡಿ.

ಇನ್ನು ವಾಪಸ್ ಬಿಡುವುದು. ಡಬ್ಬಿಯನ್ನು ಟ್ಯಾಂಕಿನಲ್ಲಿ ಇಪ್ಪತ್ತು ನಿಮಿಷ ತೇಲಿಸುತ್ತೇನೆ, ಎರಡೂ ನೀರಿನ ಬಿಸಿ ಒಂದಾಗಲಿ ಅಂತ. ಆ ಹೊತ್ತಿನಲ್ಲಿ ಬ್ಲೌಸಿಗೆ ಹುಕ್ ಹಚ್ಚಲು ಕೂರುತ್ತೇನೆ. ಆಮೇಲೆ ಎರಡು ಹುಕ್ ಹಚ್ಚಿದ ಮೇಲೆ ಒಂದು ಸಣ್ಣ ಬಟ್ಟಲು ಟ್ಯಾಂಕಿನ ನೀರು ಡಬ್ಬಿಗೆ. ಮತ್ತೆ ಎರಡು ಹುಕ್, ಮತ್ತೊಂದು ಬಟ್ಟಲು. ಎರಡು ಬ್ಲೌಸ್ ಮುಗಿಯುವ ಹೊತ್ತಿಗೆ ಅರ್ಧ ತಾಸು ದಾಟಿರುತ್ತದೆ, ಡಬ್ಬಿಯ ನೀರು ಎರಡರಷ್ಟಾಗಿರುತ್ತದೆ. ಆಗ ಡಬ್ಬಿಯನ್ನು ನೀರೊಳಗೆ ಓರೆ ಮಾಡಿ ಹಿಡಿಯುತ್ತೇನೆ. ಸುರಿಯುವುದಿಲ್ಲ. ಅದು ಒಂದು ಸಲ ಅಂಚಿಗೆ ಬಂದು, ಹಿಂದೆ ಸರಿದು, ಮತ್ತೆ ಬಂದು ತಾನಾಗಿ ಹೊರಗೆ ಹೋಗುತ್ತದೆ. ಅಂಗಡಿಯಿಂದ ತಂದ ಹೊಸ ಮೀನಾದರೆ ಆ ಚೀಲದ ನೀರನ್ನು ಮಾತ್ರ ಟ್ಯಾಂಕಿಗೆ ಸೇರಿಸುವುದಿಲ್ಲ.

ಅವತ್ತು ಲೈಟ್ ಹಾಕುವುದಿಲ್ಲ. ಕಾಳು ಮರುದಿನ ಬೆಳಿಗ್ಗೆ, ಅದೂ ಎರಡೇ. ನಾಡ ಬಾದಾಮಿ ಗಿಡದ ಒಣಗಿ ಉದುರಿದ ಎಲೆ ಒಂದನ್ನು ತೊಳೆದು ಹಾಕುತ್ತೇನೆ. ನೀರು ತೆಳು ಚಹಾ ಬಣ್ಣಕ್ಕೆ ಬರುತ್ತದೆ, ಮೀನು ಅದರ ನೆರಳಿನಲ್ಲಿ ಕೂರುತ್ತದೆ. ಮೂರು ದಿನ ಬೆಳಿಗ್ಗೆ ಅಮೋನಿಯಾ ಪರೀಕ್ಷೆ. ನನ್ನ ಕಿಟ್ಟಿನಲ್ಲಿ ಹಳದಿ ಇದ್ದರೆ ಸರಿ, ಹಸಿರಿಗೆ ತಿರುಗಿದರೆ ಆವತ್ತೇ 5 ಲೀಟರ್ ಬದಲಿ. ಆಗೊಮ್ಮೆ ಈಗೊಮ್ಮೆ ಮೇಲೆ ಬಂದು ಗಾಳಿ ನುಂಗುವುದು ಅದರ ಸ್ವಭಾವ, ಹೆದರಬೇಕಿಲ್ಲ. ಮೇಲೆಯೇ ನೇತಾಡಿಕೊಂಡು ಕಿವಿರು ಪಟಪಟ ಬಡಿಯುತ್ತಿದ್ದರೆ ನೀರು ನೋಡಬೇಕು.

ಹೋದ ಬೇಸಿಗೆಯಲ್ಲಿ ತವರಿಗೆ ಹೋಗಿ ಬರುವಷ್ಟರಲ್ಲಿ ಐದು ವಾರ ನೀರು ಬದಲಾಗಿರಲಿಲ್ಲ. ಕೈ ತುರಿಸುತ್ತಿತ್ತು, ಆದರೂ ಒಂದೇ ದಿನ ತೊಳೆಯಲಿಲ್ಲ. ಅಷ್ಟು ಹಳೇ ನೀರಿಗೆ ಒಗ್ಗಿದ ಮೀನಿಗೆ ಒಳ್ಳೆಯ ನೀರೂ ಒಮ್ಮೆಲೇ ಸಿಕ್ಕರೆ ಪೆಟ್ಟು. ಎರಡು ದಿನಕ್ಕೊಮ್ಮೆ 3 ಲೀಟರ್, ಹೀಗೇ ಹತ್ತು ದಿನ ತೆಗೆದುಕೊಂಡೆ.

ಈಗಿನದು ಕೆಂಪು ಬೆಟ್ಟಾ, ಎರಡೂವರೆ ವರ್ಷವಾಯಿತು. ನಿಂಬೆ ಹಚ್ಚಿ ತೊಳೆದ ಮರುದಿನ ಲೈಟ್ ಹಾಕಿದರೆ ಹಿಂದಿನ ಗಾಜಿನಲ್ಲಿ ತನ್ನದೇ ಬಿಂಬ ನೋಡಿ ಕಿವಿರು ಅಗಲಿಸಿ ಜಗಳಕ್ಕೆ ನಿಲ್ಲುತ್ತಿತ್ತು. ಕರಿ ಲೈನಿಂಗ್ ಬಟ್ಟೆ ಹೊರಗಿನಿಂದ ಅಂಟಿಸಿದೆ, ಬಿಂಬ ಇನ್ನೂ ಜಾಸ್ತಿಯಾಯಿತು. ಬಿಳಿ ಹಾಕಿದ ಮೇಲೆ ಸುಮ್ಮನಾಗಿದೆ.